ಅಟ್ಟದ ಮೇಲಿನ ಕ್ಯಾಸೆಟ್ಟು, ಹಿರಿಯರ ದನಿ



ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೊರಟರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅಲ್ಲಿಯ ಸದ್ಭಕ್ತರ ಮನೆಯೊಂದಕ್ಕೆ ನಾವು ಇತ್ತೀಚೆಗೆ ಹೋಗಿದ್ದಾಗ ಯಜಮಾನರು ಅರಿವೆಯಲ್ಲಿ ಸುತ್ತಿಟ್ಟಿದ್ದ ವಿಡಿಯೊ ಕ್ಯಾಸೆಟ್ಟೊಂದನ್ನು ತಂದು ನಮ್ಮ ಮುಂದಿಟ್ಟರು. 1996ರಲ್ಲಿ ಆ ಮನೆಯಲ್ಲಿ ಜರುಗಿದ ಮದುವೆಯ ಚಿತ್ರಣವದು. ಲಿಂಗೈಕ್ಯರಾದ ಅವರ ಅಜ್ಜನವರು ವಧೂವರರಿಗೆ ಆಶೀರ್ವದಿಸಿ ನಾಲ್ಕು ಮಾತು ಆಡಿದ್ದು ಅದರಲ್ಲಿದೆ. “ನಮ್ಮ ಮುತ್ಯಾನ ದನಿ ಇದೊಂದರಾಗೇ ಉಳದದ ನೋಡ್ರಿ” ಎಂದು ಅವರು ನುಡಿದಾಗ ಕಣ್ಣು ತೇವಗೊಂಡಿದ್ದವು.

ಹಲವು ವರುಷಗಳ ಹಿಂದೆಯೇ ಅವರು ಅದನ್ನು ಯಾರಿಂದಲೋ ಸಿ.ಡಿ.ಗೆ ಇಳಿಸಿಕೊಂಡಿದ್ದರು. ಆದರೆ ಅದರಲ್ಲಿ ಅಜ್ಜನವರ ಮುಖವು ಚೌಕ ಚೌಕವಾಗಿ ಒಡೆದು, ಹಣೆಯ ವಿಭೂತಿಯ ಮೂರು ಗೆರೆಗಳೂ ಕಲಸಿಹೋಗಿದ್ದವು. ಹೀಗೇಕಾಯಿತೆಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತುಕೊಳ್ಳುವುದು ಒಳಿತು.

ನಮ್ಮ ದೇಶದ ವಿಡಿಯೊ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಸಾಗುತ್ತವೆ. ಅವನ್ನು ಏನೂ ಕುಗ್ಗಿಸದೆ ಕಂಪ್ಯೂಟರಿನಲ್ಲಿ ಇಟ್ಟರೆ ಸೆಕೆಂಡಿಗೆ ಸುಮಾರು 20 ಎಂ.ಬಿ., ಗಂಟೆಗೆ ಸುಮಾರು 75 ಜಿ.ಬಿ. ಸ್ಥಳ ಬೇಕು. 1990ರ ದಶಕದ ಕಂಪ್ಯೂಟರುಗಳಿಗೆ ಇದು ಹೊರಲಾಗದ ಹೊರೆ. ಆದುದರಿಂದ ಕುಗ್ಗಿಸುವುದು ಅನಿವಾರ್ಯವಾಯಿತು. ಈ ಕುಗ್ಗಿಸುವ ವಿದ್ಯೆಯ ಮೂಲದಲ್ಲಿ ಕನ್ನಡನಾಡಿನ ಕುಡಿಯೊಬ್ಬರಿದ್ದಾರೆಂಬುದು ಹೆಮ್ಮೆಯ ಸಂಗತಿ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ ಅಮೆರಿಕೆಗೆ ತೆರಳಿದ ನಾಸಿರ್ ಅಹ್ಮದ್ ಅವರು, ಟಿ. ನಟರಾಜನ್ ಹಾಗೂ ಕೆ. ಆರ್. ರಾವ್ ಅವರೊಡಗೂಡಿ 1974ರಲ್ಲಿ ಒಂದು ಗಣಿತ ವಿಧಾನವನ್ನು ಪ್ರಕಟಿಸಿದರು. ಚಿತ್ರವನ್ನು ಉದ್ದಗಲಕ್ಕೆ ಎಂಟೆಂಟು ಚುಕ್ಕೆಗಳ ಸಣ್ಣ ಚೌಕಗಳಾಗಿ ವಿಂಗಡಿಸಿ ಈ ವಿಧಾನವನ್ನು ಅನ್ವಯಿಸಿದಾಗ, ಕಣ್ಣು ಗಮನಿಸುವ ದೊಡ್ಡ ಬದಲಾವಣೆಗಳು ಒಂದೆಡೆ, ಅಷ್ಟಾಗಿ ಗಮನಿಸದ ಸೂಕ್ಷ್ಮಗಳು ಇನ್ನೊಂದೆಡೆ ಬೇರ್ಪಡುತ್ತವೆ. ಸೂಕ್ಷ್ಮಗಳನ್ನು ಮಿತವಾಗಿ ಬಿಟ್ಟರೆ ನಷ್ಟ ತಿಳಿಯದು. ಅತಿಯಾಗಿ ಬಿಟ್ಟರೆ ಆ ಚೌಕಗಳೇ ಎದ್ದು ಕಾಣುತ್ತವೆ. ವಿಡಿಯೊ ಸಿ.ಡಿ.ಯಲ್ಲಿ ಮೂಲದ ಸುಮಾರು 140ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅಜ್ಜನವರ ವಿಭೂತಿ ಕಲಸಿದ್ದು ಇದರಿಂದಲೇ.

ಸೆಕೆಂಡಿಗೆ 25 ಚಿತ್ರಗಳನ್ನು ಆಗಿಂದಾಗಲೇ ಕುಗ್ಗಿಸುವ ಶಕ್ತಿ ಅಂದಿನ ಸಾಮಾನ್ಯ ಕಂಪ್ಯೂಟರಿಗೆ ಇರಲಿಲ್ಲ. ಆ ಕೆಲಸವನ್ನು ಕ್ಯಾಪ್ಚರ್ ಕಾರ್ಡಿನ ಮೇಲಿನ ಪ್ರತ್ಯೇಕ ಚಿಪ್ಪು ಮಾಡುತ್ತಿತ್ತು. ಮಿರೊ ಡಿ.ಸಿ. 30 ಎಂಬ ಕಾರ್ಡು ಮೋಷನ್ ಜೆಪೆಗ್ ವಿಧಾನದಿಂದ ಹೀಗೆ ದುಡಿಯಿತು. 2000ದ ಸುಮಾರಿಗೆ ಬಂದ ಮ್ಯಾಟ್ರಾಕ್ಸ್ ಆರ್.ಟಿ. 2000ದಂತಹ ಕಾರ್ಡುಗಳು, ಎರಡು ದೃಶ್ಯಗಳನ್ನು ಬೆರೆಸಿ ಅದರ ಮೇಲೆ ಹೆಸರು ಮೂಡಿಸುವುದನ್ನೂ ಕಾಯಿಸದೆ ತೋರಿಸಿದವು. ಅದಕ್ಕೂ ಮುನ್ನ ಎರಡು ವಿ.ಸಿ.ಆರ್.ಗಳ ನಡುವೆ ಟೇಪಿನಿಂದ ಟೇಪಿಗೆ ನಕಲಿಸುತ್ತ, ಪ್ರತಿ ನಕಲಿಗೂ ಚಿತ್ರ ಮಸುಕಾಗುತ್ತಿತ್ತು. ಇಂದು ಸಾಮಾನ್ಯ ಕಂಪ್ಯೂಟರೇ ಕುಗ್ಗಿಸುವ ಕೆಲಸ ಮಾಡಬಲ್ಲದು, ಯು.ಎಸ್.ಬಿ.ಗೆ ಸಿಕ್ಕಿಸುವ ಸಣ್ಣದೊಂದು ಕ್ಯಾಪ್ಚರ್ ಸಾಧನ ಸಾಕು.

ಕೊರತೆಯಿರುವುದು ವಿ.ಸಿ.ಆರ್.ಗೆ. ಅದನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯು 2016ರಲ್ಲಿ ನಿಲ್ಲಿಸಿತು. ಕಮಲಾಪುರದ ಈ ಬಂಧುಗಳಿಗಾಗಿ ಕಲಬುರಗಿಯ ಬೀಗರ ಮನೆಯಲ್ಲಿ ನಡೆಯುವ ಯಂತ್ರವೊಂದು ದೊರಕಿತು. ಅದರ ಹೆಡ್ ಶುಚಿಗೊಳಿಸಿ, ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಗಂಟೆಗೆ ಸುಮಾರು 13 ಜಿ.ಬಿ. ಹಿಡಿಯುವ ಡಿ.ವಿ. ವಿಧಾನದಲ್ಲಿ ಇಳಿಸಲಾಯಿತು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಇಲ್ಲಿ ಅವಸರ ಸಲ್ಲದು. ಅಜ್ಜನವರು ಮಾತು ಆರಂಭಿಸಿದಾಗ ಮನೆಯವರೆಲ್ಲ ಕೈಮುಗಿದು ಕುಳಿತಿದ್ದರು. ಹಣೆಯ ಮೂರು ಗೆರೆಗಳು ಸ್ಪಷ್ಟವಾಗಿ ಕಂಡವು.

ಓದುಗ ಬಂಧುಗಳು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಿರಿ. ಮೊದಲ ಪ್ರತಿಯನ್ನು ಮಿತವಾಗಿ ಮಾತ್ರ ಕುಗ್ಗಿಸಿರಿ. ಮೊಬೈಲಿನಲ್ಲಿ ಕಳಿಸಲು ಬೇಕಾದ ಚಿಕ್ಕ ಪ್ರತಿಯನ್ನು ಅದರಿಂದ ಬೇರೆ ಮಾಡಿಕೊಳ್ಳಿರಿ. ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿರಿಸಿರಿ. ಚಿತ್ರದಲ್ಲಿರುವವರು ಯಾರು, ಯಾವ ವರುಷ ಎಂಬುದನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿರಿ.

ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ತಾಡೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸದೆ ಹೋಗಿದ್ದರೆ, ಶರಣರ ಎಷ್ಟೋ ನುಡಿಗಳು ಹುಳುವಿನ ಪಾಲಾಗುತ್ತಿದ್ದವು. ನಮ್ಮ ಅಟ್ಟದ ಮೇಲಿನ ಕ್ಯಾಸೆಟ್ಟುಗಳು ವಚನಗಳಷ್ಟು ದೊಡ್ಡವಲ್ಲ, ನಿಜ. ಆದರೆ ಆ ವಚನಗಳನ್ನು ನಮ್ಮ ಬಾಯಿಗೆ ಕಲಿಸಿದ ಹಿರಿಯರ ದನಿ ಅವುಗಳಲ್ಲಿದೆ. ಈ ಭಾನುವಾರವೇ ಅಟ್ಟವನ್ನೊಮ್ಮೆ ಹತ್ತಿ ನೋಡೋಣ.