ದುಡಿಯುವ ಕಾಲಿಗೆ ತಕ್ಕ ಬೂಟು

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಕುಂದೂರಿನಿಂದ ಸಕಲೇಶಪುರದ ಕಡೆಗೆ ಹೊರಟರೆ ತಗ್ಗಿನಲ್ಲಿ ಬತ್ತದ ಗದ್ದೆಗಳೂ ಓರೆಯಲ್ಲಿ ಕಾಫಿ, ಏಲಕ್ಕಿ, ಮೆಣಸುಗಳ ತೋಟಗಳೂ ಕಾಣಬರುವುವು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಿಂದ ತಲೆ ಬೆನ್ನುಗಳನ್ನು ಕಾಪಾಡಿಕೊಳ್ಳಲು ಮಲೆನಾಡಿನ ಜನ ಗೊರಬು, ಕಂಬಳಿಗಳನ್ನು ಹಿಂದಿನಿಂದಲೂ ಬಳಸುತ್ತ ಬಂದರು. ಕಾಲು ಮಾತ್ರ ಬಹುಕಾಲ ಬರಿಗಾಲಾಗಿಯೇ ಉಳಿಯಿತು. 1951ರ ತೋಟ ಕಾರ್ಮಿಕರ ಕಾಯಿದೆಯು ಮಳೆಚಳಿಗಳಿಂದ ರಕ್ಷಣೆಗೆಂದು ಕೊಡೆ, ಕಂಬಳಿ, ಮಳೆಯಂಗಿಗಳನ್ನು ಹೆಸರಿಸಿದ್ದಿತು. ಆ ಕಲಮಿನಲ್ಲಿ ಪಾದರಕ್ಷೆಯ ಹೆಸರಿರಲಿಲ್ಲ. ಇಂದು ಪೇಟೆಯಲ್ಲಿ ಬೂಟುಗಳಿಗೆ ಕೊರತೆಯಿಲ್ಲ. ಆದರೆ ಕೊಂಡ ಬೂಟು ಕಾಲನ್ನು ಕಚ್ಚಿದರೆ ಅದು ಮನೆಯ ಮೂಲೆ ಸೇರುವುದು. ಕಾಲು ಪುನಃ ಬರಿಗಾಲಾಗುವುದು.

ಬರಿಗಾಲಿನ ಅಪಾಯ ಕಲ್ಲುಮುಳ್ಳುಗಳಿಗೆ ಮುಗಿಯುವುದಿಲ್ಲ. ಕೊಕ್ಕೆಹುಳುವಿನ ಮರಿಗಳು ಒದ್ದೆ ಮಣ್ಣಿನಿಂದ ನೇರವಾಗಿ ಚರ್ಮವನ್ನು ಹೊಕ್ಕು ದೇಹವನ್ನು ಸೇರುವುವೆಂದು ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ 1898ರಲ್ಲಿ ತಿಳಿಸಿದನು. ಕರುಳಿನಲ್ಲಿ ನೆಲೆಸಿ ರಕ್ತವನ್ನು ಹೀರುವ ಈ ಹುಳುಗಳಿಂದ ರಕ್ತಹೀನತೆ ಉಂಟಾಗುವುದು. ಹಾವಿನ ಕಡಿತಗಳಲ್ಲಿಯೂ ಬಹುಪಾಲು ಪಾದ, ಕಣಕಾಲುಗಳಿಗೇ ಆಗುವುವು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದವುಗಳ ಸಾಲಿಗೆ ಸೇರಿಸಿತು. ಆದುದರಿಂದ ಹಿತವಾದ, ಬಾಳಿಕೆ ಬರುವ ಬೂಟನ್ನು ಆರಿಸುವ ಬಗೆಯನ್ನು ಭೌತವಿಜ್ಞಾನದ ನೆರವಿನಿಂದ ವಿಚಾರಿಸೋಣ.

ಮೊದಲನೆಯದು ಜಾರುವಿಕೆ. 20 ಡಿಗ್ರಿ ಓರೆಯಾದ ನೆಲದ ಮೇಲೆ ಜಾರದೆ ನಿಲ್ಲಬೇಕಾದರೆ ಬೂಟಿನ ಅಟ್ಟೆಗೂ ನೆಲಕ್ಕೂ ನಡುವಣ ಘರ್ಷಣ ಗುಣಾಂಕವು 20 ಡಿಗ್ರಿಯ ಟ್ಯಾಂಜೆಂಟಿಗಿಂತ, ಎಂದರೆ 0.36ಕ್ಕಿಂತ, ಕಡಮೆಯಾಗಬಾರದು. ಈ ನಿಯಮದಲ್ಲಿ ತೂಕಕ್ಕೆ ಸ್ಥಾನವಿಲ್ಲ. ಸಣಕಲನಿಗೂ ಸ್ಥೂಲಕಾಯನಿಗೂ ಲೆಕ್ಕ ಒಂದೇ. ಒಣನೆಲದ ಮೇಲೆ ರಬ್ಬರಿನ ಅಟ್ಟೆಗೆ ಇಷ್ಟು ಹಿಡಿತ ಸುಲಭವಾಗಿ ದೊರೆಯುವುದು. ಕೆಸರಿನ ತೆಳುಪದರವೊಂದು ನಡುವೆ ಸೇರಿತೆಂದರೆ ಅದು ಕೀಲೆಣ್ಣೆಯಂತೆ ವರ್ತಿಸಿ ಗುಣಾಂಕವನ್ನು ತಗ್ಗಿಸುವುದು. ಅಟ್ಟೆಯ ಉಬ್ಬುಗಳು ಈ ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಬೇಕು. ಉಬ್ಬುಗಳ ನಡುವಣ ಕಾಲುವೆಗಳು ಕಿರಿದಾದರೆ ಅಂಟುಮಣ್ಣು ಅಲ್ಲಿಯೇ ಕಚ್ಚಿಕೊಂಡು ಅಟ್ಟೆ ನುಣ್ಣಗಾಗುವುದು. ಕೆಸರಿನ ಕೆಲಸಕ್ಕೆ ಉಬ್ಬುಗಳು ಎತ್ತರವಾಗಿಯೂ ಕಾಲುವೆಗಳು ಅಗಲವಾಗಿಯೂ ಇರುವ ಅಟ್ಟೆಯೇ ಸರಿ.

ಎರಡನೆಯದು ಒತ್ತಡ. ತೋಟದಲ್ಲಿ ಮೆಣಸು ಕೊಯ್ಯುವುದಕ್ಕೂ ಮರಗಸಿ ಮಾಡುವುದಕ್ಕೂ ಏಣಿ ಹತ್ತಬೇಕಾಗುವುದು. 60 ಕಿಲೋಗ್ರಾಂ ತೂಕದ ಮನುಷ್ಯನು ಒಂಟಿಕಾಲಿನಲ್ಲಿ ನಿಂತಾಗ ಅಟ್ಟೆಯ 150 ಚದರ ಸೆಂಟಿಮೀಟರ್ ನೆಲಕ್ಕೆ ತಗುಲುವುದೆಂದು ಇಟ್ಟುಕೊಂಡರೆ, ಒಂದೊಂದು ಚದರ ಸೆಂಟಿಮೀಟರಿನ ಮೇಲೂ 0.4 ಕಿಲೋಗ್ರಾಂ ಭಾರ ಬೀಳುವುದು. ಏಣಿಯ ಮೆಟ್ಟಿಲಿನ ಮೇಲೆ ತಗುಲುವುದು 15 ಚದರ ಸೆಂಟಿಮೀಟರ್ ಮಾತ್ರವಾದರೆ ಒತ್ತಡವು ಹತ್ತುಪಟ್ಟಾಗುವುದು. ಮೆತ್ತನೆಯ ಅಟ್ಟೆ ಬಾಗಿ ಈ ಒತ್ತಡವನ್ನು ಹಾಗೆಯೇ ಅಂಗಾಲಿಗೆ ಒಪ್ಪಿಸುವುದು. ನಡುಭಾಗದಲ್ಲಿ ಗಟ್ಟಿಪಟ್ಟಿಯನ್ನು ಅಡಗಿಸಿದ ಅಟ್ಟೆ ಅದನ್ನು ಪಾದದ ಉದ್ದಕ್ಕೂ ಹಂಚುವುದು. ಕೊಳ್ಳುವ ಮೊದಲು ಬೂಟನ್ನು ಎರಡು ಕೈಗಳಿಂದ ಬಗ್ಗಿಸಿ ನೋಡಿರಿ: ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಬಾಗಬಾರದು.

ಮರದ ದಿಮ್ಮಿಗಳನ್ನು ಎತ್ತಿಳಿಸುವವರಿಗೆ ಬೆರಳುಗಳ ಮೇಲೆ ಗಟ್ಟಿಟೋಪಿಯಿರುವ ಸುರಕ್ಷಾ ಬೂಟು ಬೇಕು. ಭಾರತೀಯ ಮಾನಕ 15298ರ ಎರಡನೆಯ ಭಾಗದಂತೆ ಈ ಟೋಪಿಯು 200 ಜೌಲ್ ಪೆಟ್ಟನ್ನು ತಡೆಯಬೇಕು. ಇದು 20 ಕಿಲೋಗ್ರಾಂ ಭಾರವು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಆದರೆ ಕಾಲಿಗೆ ಕಟ್ಟಿದ ಭಾರವು ಬೆನ್ನಿನ ಮೇಲೆ ಹೊತ್ತ ಅಷ್ಟೇ ಭಾರಕ್ಕಿಂತ ಅನೇಕ ಪಟ್ಟು ಹೆಚ್ಚು ದಣಿಸುವುದು. ದಿಮ್ಮಿಯ ಗೊಡವೆಯಿಲ್ಲದವರು ಅದನ್ನು ಹೊರಬೇಕಾದುದಿಲ್ಲ.

ಮೂರನೆಯದು ನೀರು. ಹಸಿ ರಬ್ಬರು ಸೆಕೆಗೆ ಅಂಟಾಗಿ ಚಳಿಗೆ ಬಿರುಸಾಗುವುದು. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ನೀಗುವುದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ರಬ್ಬರಿನ ಗಮ್‌ಬೂಟಿಗೆ ದಾರಿಯಾದುದು ಅದರಿಂದ. ಗಮ್‌ಬೂಟು ಮಳೆನೀರನ್ನು ಒಳಗೆ ಬಿಡದು. ಬೆವರಿನ ಆವಿಯನ್ನು ಹೊರಗೂ ಬಿಡದು. ಸಂಜೆ ಕಾಲುಚೀಲ ಒದ್ದೆಯಾಗಿದ್ದರೆ ಬೂಟು ಸೋರಿತೆಂದು ಅಂಗಡಿಯವನನ್ನು ದೂರುವ ಮೊದಲು ಇದನ್ನು ನೆನೆಯಬೇಕು. ಚರ್ಮವಾದರೋ ಸೂಕ್ಷ್ಮರಂಧ್ರಗಳಿಂದ ಆವಿಯನ್ನು ಹೊರಬಿಡುವುದು, ಆದರೆ ದಿನವಿಡೀ ಸುರಿಯುವ ಮಳೆಯಲ್ಲಿ ನೆನೆದುಹೋಗುವುದು. ಆದಕಾರಣ ಮುಂಗಾರಿಗೆ ಗಮ್‌ಬೂಟು, ಕೊಯ್ಲಿನ ಒಣದಿನಗಳಿಗೆ ಚರ್ಮದ ಬೂಟು ಎಂಬ ವಿಭಾಗ ಯುಕ್ತವಾದುದು. ಮಲೆನಾಡಿನಲ್ಲಿ ಉಂಬಳವೆನ್ನುವ ನೆಲಜಿಗಣೆ ಬೂಟನ್ನೇರಿ ಮೇಲಿನ ಬಾಯಿಯಿಂದ ಇಳಿಯುವುದರಿಂದ ಒತ್ತುನೆಯ್ಗೆಯ ಉದ್ದ ಕಾಲುಚೀಲವೂ ಬೇಕು.

ಇವೆಲ್ಲಕ್ಕೂ ಮಿಗಿಲಾದುದು ಅಳತೆ. ಹಿತವೂ ಬಾಳಿಕೆಯೂ ಒಂದಕ್ಕೊಂದು ವಿರೋಧವೆಂದು ಹಲವರ ಭಾವನೆ. ವಾಸ್ತವವಾಗಿ ಎರಡರ ಬೇರೂ ಅಳತೆಯಲ್ಲಿದೆ. ದಿನಕ್ಕೆ 8,000 ಹೆಜ್ಜೆ ನಡೆದರೆ ಒಂದೊಂದು ಬೂಟೂ 4,000 ಸಲ ಬಾಗುವುದು. 250 ದಿನಗಳಲ್ಲಿ ಹತ್ತು ಲಕ್ಷ ಸಲ. ತಂತಿಯನ್ನು ಹಿಂದುಮುಂದಾಗಿ ಬಗ್ಗಿಸುತ್ತಿದ್ದರೆ ಅದು ತುಂಡಾಗುವುದಲ್ಲವೆ? ಬೂಟು ಬಾಗಬೇಕಾದ ಗೆರೆಯಲ್ಲಿ ಬಾಗಿದರೆ ಈ ಪೆಟ್ಟನ್ನು ತಾಳುವುದು. ಇಂಗ್ಲಿಷ್ ಅಳತೆಯ ಒಂದು ಅಂಕಿಗೂ ಮುಂದಿನದಕ್ಕೂ ಇರುವ ಅಂತರ ಸುಮಾರು 8.5 ಮಿಲಿಮೀಟರ್. ಅಷ್ಟು ದೊಡ್ಡದಾದರೆ ಕಾಲು ಬಾಗುವ ಗೆರೆಯೂ ಬೂಟು ಬಾಗುವ ಗೆರೆಯೂ ಬೇರೆಯಾಗಿ ಮೇಲ್ಮೈ ಮಡಿಸಿ ಬಿರಿಯುವುದು. ಹಿಮ್ಮಡಿ ಒಳಗೆ ಉಜ್ಜಿ ಬೊಕ್ಕೆಯೇಳುವುದು. ಕಾಲನ್ನು ನೋಯಿಸುವ ತಪ್ಪೇ ಬೂಟನ್ನೂ ಹರಿಯುವುದು.

ಕಾಲು ಸಂಜೆಯ ಹೊತ್ತಿಗೆ ಕೊಂಚ ಊದುವುದರಿಂದ ಬೂಟನ್ನು ಸಂಜೆಯಲ್ಲಿ, ಕೆಲಸದ ಕಾಲುಚೀಲ ತೊಟ್ಟು, ಎರಡು ಕಾಲಿಗೂ ಹಾಕಿ ನೋಡಬೇಕು. ಉದ್ದವಾದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಎಡೆಯಿರಬೇಕು. ನಡೆದಾಗ ಹಿಮ್ಮಡಿ ಮೇಲೇಳಬಾರದು.

ನೆನೆದ ಚರ್ಮದ ಬೂಟನ್ನು ಬಚ್ಚಲ ಒಲೆಯ ಮುಂದಿಟ್ಟರೆ ಚರ್ಮ ಕುಗ್ಗಿ ಸೆಟೆದು ಬಿರಿಯುವುದು. ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಆರಿಸಬೇಕು. ಪಾಲಿಯುರಿಥೇನ್ ಅಟ್ಟೆಯ ಕೆಲವು ಬಗೆಗಳನ್ನು ಗಾಳಿಯ ತೇವವೇ ಮೆಲ್ಲನೆ ಒಡೆಯುವುದರಿಂದ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಬೂಟು ಹಾಕಿದ ದಿನವೇ ಪುಡಿಯಾಗುವುದುಂಟು. ಬೆಳಿಗ್ಗೆ ಬೂಟನ್ನು ಕೊಡವಿ ನೋಡದೆ ಕಾಲಿಡಬಾರದು, ಒಳಗೆ ಚೇಳಿರಬಹುದು.

ಕಾಫಿ ಕೊಯ್ಯುವವರಲ್ಲಿ ಬಹುಮಂದಿ ಹೆಂಗಸರು. ಗಂಡಸರ ಅಳತೆಯ ಒಂದೆರಡು ಅಂಕಿಗಳನ್ನು ಕಟ್ಟುಕಟ್ಟಾಗಿ ತರಿಸಿ ಹಂಚಿದರೆ ಅವರ ಕಾಲಿಗೆ ಅವು ಹೊರೆಯೇ ಸರಿ. ಒಂದು ಹಾಳೆ ಕಾಗದ, ಒಂದು ಸೀಸದ ಕಡ್ಡಿ, ಒಂದು ಅಳತೆಪಟ್ಟಿ ಇದ್ದರೆ ಯಾವ ವಿದ್ಯಾರ್ಥಿಯಾದರೂ ತನ್ನ ಮನೆಯವರ ಪಾದಗಳ ಗುರುತೆಳೆದು ಅಳತೆ ಬರೆದುಕೊಡಬಹುದು. ಬೂಟಿನ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಆಗಬೇಕಾದ ಕೆಲಸ ಅದು.