ಅಶೋಕ ಮಾಂಸಾಹಾರವನ್ನು ನಿಷೇಧಿಸಿದ್ದನೇ?

ಪ್ರಶ್ನೆ: ಅಶೋಕ ಪ್ರಾಣಿವಧೆಯನ್ನು ಪೂರ್ತಿ ನಿಲ್ಲಿಸಿದ್ದ ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ನೋಯ್ಡಾ

ಉತ್ತರ: ಇಲ್ಲ. ಪುರಾವೆ ನಿಮ್ಮ ಹತ್ತಿರದಲ್ಲೇ ಇದೆ, ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ. ಅಲ್ಲಿನ ಅಶೋಕಸ್ತಂಭವನ್ನು 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಈಗಿನ ಹರಿಯಾಣದ ಟೋಪ್ರಾದಿಂದ ತರಿಸಿದ. ಅದರ ಐದನೇ ಶಾಸನ ಕೊಲ್ಲಬಾರದ ಜೀವಿಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ಗಿಳಿ, ಮೈನಾ, ಬಾವಲಿ, ಆಮೆ, ಅಳಿಲು, ಪಾರಿವಾಳ. ಜೊತೆಗೆ, ಉಪಯೋಗಕ್ಕೂ ಬಾರದ, ತಿನ್ನಲೂ ಬಾರದ ಎಲ್ಲ ನಾಲ್ಕು ಕಾಲಿನ ಪ್ರಾಣಿಗಳು. ಅಂದರೆ ತಿನ್ನುವ ಪ್ರಾಣಿಗಳಿಗೆ ಪೂರ್ತಿ ರಕ್ಷಣೆಯಿರಲಿಲ್ಲ. ಆದರೆ ಗಬ್ಬವಾದ ಅಥವಾ ಹಾಲೂಡಿಸುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕಡಿಯುವಂತಿಲ್ಲ. ಹುಂಜದ ಬೀಜ ತೆಗೆಯುವಂತಿಲ್ಲ. ಒಳಗೆ ಜೀವಿಗಳಿರುವ ಹೊಟ್ಟನ್ನು ಸುಡುವಂತಿಲ್ಲ! ಹೊಟ್ಟಿನೊಳಗಿನ ಹುಳುವನ್ನೂ ನೆನೆದ ದೊರೆ ಎಷ್ಟು ಮಂದಿ?

ತನ್ನ ಅಡುಗೆಮನೆಯನ್ನೂ ಅವನು ಮುಚ್ಚಿಡಲಿಲ್ಲ. ಮೊದಲು ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಅವೂ ಇಲ್ಲ ಎಂದು ಗಿರ್ನಾರದ ಬಂಡೆಯಲ್ಲಿ ಬರೆಸಿದ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಏಳನೇ ಶಾಸನ. ಅದು ಉಳಿದಿರುವುದು ಕೋಟ್ಲಾದ ಈ ಕಂಬದಲ್ಲಿ ಮಾತ್ರ. ಕಟ್ಟಳೆಗಳಿಂದ ಆದದ್ದು ಅಲ್ಪ, ಜನರ ಮನವೊಲಿಸಿದ್ದರಿಂದಲೇ ಅಹಿಂಸೆ ಹೆಚ್ಚು ಬೆಳೆಯಿತು ಎಂದು ಅಷ್ಟು ದೊಡ್ಡ ರಾಜ್ಯವಾಳಿದವನೇ ಅಲ್ಲಿ ಹೇಳಿದ್ದಾನೆ.