ಒಡೆದ ಹೆಂಚಿನ ಸಾಕ್ಷ್ಯ

ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಹೊಸ ಮನೆಯ ಮಾಡು ಎಂಥದೆಂಬುದು ತಿಳಿಯಬೇಕಾದರೆ ಆಷಾಢದವರೆಗೆ ಕಾಯಬೇಕು. ಎಡೆಬಿಡದೆ ಸುರಿಯುವ ಮಳೆಯ ಒಂದು ರಾತ್ರಿ, ಮಲಗಿದ್ದ ಮಗುವಿನ ಹಾಸಿಗೆಯ ಮೇಲೆ ಹನಿ ತೊಟ್ಟಿಕ್ಕತೊಡಗಿದಾಗ, ಮನೆಯವರೆಲ್ಲ ಎದ್ದು ಪಾತ್ರೆ ಕೊಡಪಾನಗಳನ್ನು ಸಾಲಾಗಿಟ್ಟು ಬೆಳಗು ಮಾಡುತ್ತಾರೆ. ಮಳೆ ಹೊಳವಾದೊಡನೆ ಆಳನ್ನು ಕರೆಸಿ ಸೀಳಿದ ಹೆಂಚುಗಳನ್ನು ಬದಲಿಸಿ, ಹಳೆಯವನ್ನು ಹಿತ್ತಿಲ ಗುಂಡಿಗೆ ಸುರಿದು, ‘ನಮ್ಮ ಹಣೆಬರಹ’ ಎಂದು ನಿಟ್ಟುಸಿರಿಡುತ್ತಾರೆ. ಬೆವರು ಸುರಿಸಿ ಗಳಿಸಿದ ಹಣವನ್ನು ತೆತ್ತು ಕೊಂಡ ಸರಕು ಕೈಕೊಟ್ಟುದನ್ನು ವಿಧಿಯ ತಲೆಗೆ ಕಟ್ಟುವ ಈ ಸಹನೆಯು ನಮ್ಮ ಜನರ ಸೌಜನ್ಯಕ್ಕೆ ಭೂಷಣವಾದರೂ, ಆ ಗುಂಡಿಗೆ ಬಿದ್ದುದು ನ್ಯಾಯವನ್ನು ಪಡೆಯಲು ಅವರ ಬಳಿಯಿದ್ದ ಮುಖ್ಯ ಸಾಕ್ಷ್ಯವೆಂಬುದನ್ನು ಅವರಿಗೆ ತಿಳಿಸಿ ಹೇಳುವವರು ಬೇಕಾಗಿದ್ದಾರೆ.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ನದೀತೀರದ ಜೇಡಿಮಣ್ಣಿನ ಕೆಂಪು ಹೆಂಚು ಈ ನಾಡಿನ ಮನೆಗಳ ಮುಖಚರ್ಯೆಯನ್ನೇ ಬದಲಿಸಿತು. ಚೆನ್ನಾಗಿ ಬೆಂದ ಹೆಂಚನ್ನು ಬೆರಳ ಗಿಣ್ಣಿನಿಂದ ತಟ್ಟಿದರೆ ಕಂಚಿನಂತೆ ಠಣ್ಣೆನ್ನುತ್ತದೆ. ಅರೆಬೆಂದ ಹೆಂಚಿನ ದನಿಯೇ ಮಂಕು. ಅಂಥದು ನೀರನ್ನು ಹೀರಿ ಭಾರವಾಗಿ, ಪಾಚಿ ಹಿಡಿದು, ಕೆಲವೇ ಮಳೆಗಾಲಗಳಲ್ಲಿ ಸೀಳುತ್ತದೆ. ಕೆಳಗಿನ ಪಕ್ಕಾಸು ರೀಪುಗಳನ್ನೂ ಕೊಳೆಯಿಸುತ್ತದೆ. ಮಂಗಳೂರು ಹೆಂಚಿಗಾಗಿಯೇ ರಚಿತವಾದ ಐಎಸ್ 654 ಎಂಬ ಭಾರತೀಯ ಮಾನಕವು, ಒಣಗಿಸಿ ತೂಗಿದ ಹೆಂಚನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ, ಅದು ಹೀರಿದ ನೀರಿನ ಪ್ರಮಾಣವನ್ನು ಅಳೆಯುವ ಕ್ರಮವನ್ನು ವಿಧಿಸಿದೆ. ಮಾಡಿಗೆ ಹೊದಿಸುವ ತಗಡಿನ ಗುಣವೂ ಹಾಗೆಯೇ ಅಳತೆಗೆ ಸಿಕ್ಕುವಂಥದು: ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಲೆಕ್ಕಹಾಕುವ ಸತುವಿನ ಲೇಪ ತೆಳುವಾದಷ್ಟೂ ಕಡಲ ಉಪ್ಪುಗಾಳಿಗೆ ಅದು ಬೇಗನೆ ತುಕ್ಕು ಹಿಡಿಯುತ್ತದೆ.

ಹಾಗೆಂದು ಸೋರಿಕೆಯೆಲ್ಲವೂ ಸರಕಿನ ದೋಷವೆನ್ನುವಂತಿಲ್ಲ. ಮಾಡಿಗೆ ತಕ್ಕ ಇಳಿಜಾರು ಇಲ್ಲದಿರಬಹುದು, ರೀಪಿನ ಅಂತರ ತಪ್ಪಿರಬಹುದು, ಮಂಗಗಳು ಹಾರಾಡಿ ಹೆಂಚನ್ನು ಸರಿಸಿರಬಹುದು. ಮಂಗನ ಚೇಷ್ಟೆಗೆ ಯಾರನ್ನೂ ಹೊಣೆ ಮಾಡುವಂತಿಲ್ಲ. ಕಂತ್ರಾಟುದಾರನ ತಪ್ಪಾದರೋ ಕಾನೂನಿನ ಮಾತಿನಲ್ಲಿ ಸೇವಾನ್ಯೂನತೆಯೆನಿಸಿ, ಅದಕ್ಕೂ ಪರಿಹಾರವುಂಟು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಗೃಹಸ್ಥನಿಗೆ ಒದಗಿಸಿರುವ ಆಸರೆ ಸಾಮಾನ್ಯವಾದುದಲ್ಲ. ಮಾರಿದವನ ಊರು ಎಷ್ಟೇ ದೂರವಿರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವಿಲ್ಲ. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಈಗಿನ ನಿಯಮದಂತೆ ದೂರಿನ ಶುಲ್ಕವೂ ಇಲ್ಲ. ದೋಷವು ಕಣ್ಣಿಗೆ ಕಾಣದಂಥದಾದರೆ ಆಯೋಗವು ಮಾದರಿಯನ್ನು ಪಡೆದು, ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ದೋಷ ಸಿದ್ಧವಾದಲ್ಲಿ ಸರಕನ್ನು ಬದಲಿಸುವಂತೆಯೋ ಬೆಲೆಯನ್ನು ಹಿಂದಿರುಗಿಸುವಂತೆಯೋ ಆಜ್ಞಾಪಿಸಬಹುದು; ಉಂಟಾದ ನಷ್ಟಕ್ಕೆ ಪರಿಹಾರವನ್ನೂ ವಿಧಿಸಬಹುದು. ಇದೇ ಅಧಿನಿಯಮದಲ್ಲಿ ಹೊಸದಾಗಿ ಸೇರಿದ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು, ದೋಷಯುಕ್ತ ಸರಕಿನಿಂದ ಗ್ರಾಹಕನ ದೇಹಕ್ಕೋ ಇತರ ಸ್ವತ್ತಿಗೋ ಹಾನಿಯಾದಾಗ ತಯಾರಕನನ್ನೇ ನೇರವಾಗಿ ಪ್ರಶ್ನಿಸುವ ಹಕ್ಕನ್ನು ಕೊಟ್ಟಿದೆ.

ಆದರೆ ಈ ಹಕ್ಕಿಗೆ ಕಾಲಾವಧಿಯುಂಟು. ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ತಡವಾದರೆ ಸಕಾರಣವನ್ನು ತೋರಿಸಿ ಆಯೋಗವನ್ನು ಒಪ್ಪಿಸಬೇಕಾಗುತ್ತದೆ. ‘ಮುಂದಿನ ಮಳೆಗಾಲ ನೋಡೋಣ’ ಎಂಬ ಅಂಗಡಿಯವನ ಸಮಾಧಾನದ ಮಾತು ಎರಡು ಸಲ ಕೇಳಿಬಂತೆಂದರೆ ಈ ಅವಧಿ ಮುಗಿದಂತೆಯೇ ಸರಿ. ಆದಕಾರಣ ಮೊದಲ ಹನಿ ಬಿದ್ದಾಗಲೇ ಚಿತ್ರ ತೆಗೆದು, ತಾರೀಖು ಗುರುತುಮಾಡಿ, ಮಾರಿದವನಿಗೂ ತಯಾರಕನಿಗೂ ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಪತ್ರ ಬರೆಯುವುದು ಯುಕ್ತ. ಹಣ ಉಳಿಯಿತೆಂದು ರಸೀದಿಯಿಲ್ಲದೆ ಸರಕು ಕೊಂಡವನು, ನೂರಿನ್ನೂರು ರೂಪಾಯಿಯ ಆಸೆಗೆ ತನ್ನ ಹಕ್ಕಿನ ಬೇರನ್ನೇ ಕಡಿದುಕೊಂಡಂತಾಗುತ್ತದೆ.

ಮನೆಯೆಂದರೆ ಒಬ್ಬ ಸಾಮಾನ್ಯ ಮನುಷ್ಯನ ಇಡೀ ಬಾಳಿನ ಉಳಿತಾಯ. ಅದರ ಮಾಡಿಗೆ ಕಳಪೆ ಸರಕನ್ನು ಹೊದಿಸಿದವನಿಂದ ಪರಿಹಾರ ಕೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ. ಮಾಡನ್ನು ರಿಪೇರಿ ಮಾಡಿಸಲೇಬೇಕು, ಮಳೆ ನಮಗಾಗಿ ಕಾಯುವುದಿಲ್ಲ. ಆದರೆ ಕೆಳಗಿಳಿಸಿದ ಹೆಂಚುಗಳಲ್ಲಿ ಕಾರ್ಖಾನೆಯ ಮುದ್ರೆ ಸ್ಪಷ್ಟವಾಗಿರುವ ನಾಲ್ಕಾರನ್ನಾದರೂ ಆರಿಸಿ, ರಸೀದಿಯೊಡನೆ ಅಟ್ಟದ ಮೇಲೆ ಜೋಪಾನವಾಗಿಡಿ. ನೀವು ಮಾಡಿದ ದೂರನ್ನು ಆಯೋಗದ ಮುಂದೆ ನಿಜವೆಂದು ತೋರಿಸಿಕೊಡಬೇಕಾದವು ಅವೇ.